ನೀರಿನ ಬೆನ್ನು ಹಿಡಿದು: ನಿಜ್ವಾದ ಕಾಲುದಾರಿಗಳು

ಒಮಾನ್‌ನಲ್ಲಿ ನೆಲೆಸಿದ್ದೇವೆಂದು ತಿಳಿದೊಡನೆ ಊರಿನ ಹಿರಿಯರು ಕೇಳುವ ಮೊದಲ ಪ್ರಶ್ನೆ ನೀರಿನದು. ಮರಳುಗಾಡಿನಲ್ಲಿ ಕುಡಿಯಲು ಏನು ಮಾಡುತ್ತೀರಿ ಎಂಬ ಅವರ ಕಳಕಳಿಗೆ ನಾವು ಕೊಡುವ ಉತ್ತರ, ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳ ಕಥೆ. ಮಸ್ಕತ್ತಿನ ಮಟ್ಟಿಗೆ ಅದು ಸರಿಯೇ. ಆದರೆ ಮಸ್ಕತ್ತಿನಿಂದ ಸುಮಾರು 160 ಕಿ.ಮೀ. ಒಳನಾಡಿನಲ್ಲಿ, ಹಜರ್ ಪರ್ವತಗಳ ಬುಡದಲ್ಲಿರುವ ನಿಜ್ವಾಕ್ಕೆ ಹೋದರೆ ಇದಕ್ಕಿಂತ ಎಷ್ಟೋ ಹಳೆಯ ಉತ್ತರವೊಂದು ಸಿಗುತ್ತದೆ. ಅದನ್ನು ಕಾರಿನಲ್ಲಿ ಕುಳಿತು ಕೇಳಲಾಗದು, ನಡೆದೇ ಕೇಳಬೇಕು.

ನಮ್ಮಲ್ಲಿ ಹೆಚ್ಚಿನವರು ನಿಜ್ವಾಕ್ಕೆ ಹೋಗಿಬಂದವರೇ. ಶುಕ್ರವಾರ ಬೆಳಿಗ್ಗೆ ಆಡಿನ ಸಂತೆ, ಆಮೇಲೆ ಕೋಟೆ, ಮಣ್ಣಿನ ಮಡಕೆಗಳ ಅಂಗಡಿ, ಒಂದು ಡಬ್ಬಿ ಹಲ್ವಾ, ಸಂಜೆಗೆ ಮನೆ. ಇಷ್ಟರಲ್ಲಿ ನೋಡಿದ್ದು ಊರಿನ ಮುಖವನ್ನು ಮಾತ್ರ. ಚಳಿಗಾಲದಲ್ಲಿ ಕೆಲವು ಕುಟುಂಬಗಳು ಜೊತೆಗೂಡಿ ನಿಜ್ವಾದ ಸುತ್ತಲಿನ ಕಾಲುದಾರಿಗಳಲ್ಲಿ ನಡೆಯುವ ಅಭ್ಯಾಸ ಇಟ್ಟುಕೊಂಡ ಮೇಲೆ ನಮಗೆ ಹೊಳೆದ ಸಂಗತಿ ಇದು: ಇಲ್ಲಿನ ದಾರಿಗಳನ್ನು ಯಾರೂ ವಿಹಾರಕ್ಕೆಂದು ಮಾಡಿದ್ದಲ್ಲ. ನೀರು ಹೋದ ಕಡೆ ಮನುಷ್ಯ ಹೋಗಿದ್ದಾನೆ, ಅವನು ಹೋದ ಕಡೆ ಕತ್ತೆ ಹೋಗಿದೆ, ಆಡು ಹೋಗಿದೆ, ಸೈನ್ಯವೂ ಹೋಗಿದೆ. ದಾರಿ ಉಳಿದಿದ್ದರೆ ಅದರ ಪಕ್ಕದ ನೀರನ್ನು ಯಾರೋ ಕಾದುಕೊಂಡು ಬಂದಿದ್ದಾರೆ ಎಂದೇ ಅರ್ಥ.

ಊರಿನ ಹಿರಿಮೆಯನ್ನು ಮೊದಲು ಸ್ವಲ್ಪ ಹೇಳಬೇಕು. 8ನೆಯ ಶತಮಾನದ ಕೊನೆಯ ಹೊತ್ತಿಗೆ ನಿಜ್ವಾ ಇಬಾದಿ ಇಮಾಮರ ರಾಜಧಾನಿಯಾಯಿತು. ಆ ಕಾಲದ ಇಮಾಮ್ ವಾರಿಸ್ ಬಿನ್ ಕಅಬ್ ಎಂಬವರ ಕಥೆಯನ್ನು ಇಲ್ಲಿ ಇಂದಿಗೂ ಹೇಳುತ್ತಾರೆ. ಊರ ನಡುವಿನ ವಾದಿ ಕಲ್ಬೂಹ್‌ನಲ್ಲಿ ಪ್ರವಾಹ ಬಂದು ಸೆರೆಮನೆ ಮುಳುಗುವಂತಾಯಿತಂತೆ. ಕೈದಿಗಳನ್ನು ಬಿಡಿಸಲು ಯಾರೂ ಧೈರ್ಯ ಮಾಡದಾಗ ಇಮಾಮರೇ ನೀರಿಗಿಳಿದು ಪ್ರಾಣ ಬಿಟ್ಟರಂತೆ. ಒಣಗಿ ಬಿದ್ದ ಕಲ್ಲುಗುಂಡುಗಳ ಆ ವಾದಿಯನ್ನು ನೋಡಿದವರಿಗೆ ಇದು ನಂಬಲಾಗದ ಮಾತು. ಮಳೆಗಾಲದ ನೇತ್ರಾವತಿಯನ್ನು ಕಂಡ ನಾವೂ ಇಲ್ಲಿನ ಒಂದು ಗಂಟೆಯ ಮಳೆಯನ್ನು ಹಗುರವಾಗಿ ಎಣಿಸಬಾರದು.

14ನೆಯ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಬೆಟ್ಟದ ಬುಡದ ಊರು, ಸುತ್ತ ತೋಟಗಳು, ಹರಿಯುವ ನೀರು, ಒಳ್ಳೆಯ ಪೇಟೆ, ಶುಚಿಯಾದ ಮಸೀದಿಗಳು ಎಂದು ಬರೆದ. ಜನರು ತಮ್ಮ ತಮ್ಮ ಮನೆಯ ಅಡುಗೆಯನ್ನು ಮಸೀದಿಯ ಅಂಗಳಕ್ಕೆ ತಂದು ಒಟ್ಟಿಗೆ ಕುಳಿತು ಉಣ್ಣುವುದನ್ನು ಕಂಡು ಬೆರಗಾದ. ಇದೇ ಪ್ರವಾಸಿ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಬಂದು, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಎಣಿಸಿ ಬರೆದಿಟ್ಟವನು. ಗೋವೆಯ ಕಡೆಯಿಂದ ಕೊಲ್ಲಂವರೆಗೆ ಮರಗಳ ನೆರಳಿನಲ್ಲೇ ಸಾಗುವ ಕರಾವಳಿಯ ದಾರಿ, ಅರ್ಧ ಮೈಲಿಗೊಂದು ತಂಗುಮನೆ, ಅದರ ಬಳಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ, ಇವನ್ನೂ ಆತ ವರ್ಣಿಸಿದ್ದಾನೆ. ನಮ್ಮ ಅರವಟ್ಟಿಗೆಗಳನ್ನೂ, ತಲೆಹೊರೆ ಇಳಿಸುವ ಹೊರೆಗಲ್ಲುಗಳನ್ನೂ ನೆನೆದರೆ ಆ ಮಾತು ಉತ್ಪ್ರೇಕ್ಷೆ ಎನಿಸುವುದಿಲ್ಲ.

ನಿಜ್ವಾಕ್ಕೂ ಕನ್ನಡ ಕರಾವಳಿಗೂ ಇನ್ನೊಂದು ನಂಟಿದೆ. ಇಂದು ನಾವು ನೋಡುವ ಕೋಟೆಯನ್ನು ಕಟ್ಟಿಸಿದವರು ಇಮಾಮ್ ಸುಲ್ತಾನ್ ಬಿನ್ ಸೈಫ್ ಅಲ್ ಯಅರುಬಿ. ಸುಮಾರು 30 ಮೀಟರ್ ಎತ್ತರದ ಅದರ ದುಂಡು ಬುರುಜಿನ ಒಳಗೆ ಅರ್ಧದವರೆಗೆ ಕಲ್ಲುಮಣ್ಣು ತುಂಬಿದ್ದಾರೆ. ಫಿರಂಗಿಯ ಗುಂಡಿಗೆ ಅದು ಅಲುಗಬಾರದೆಂಬ ಲೆಕ್ಕ. ಇದೇ ಇಮಾಮರು 1650ರಲ್ಲಿ ಪೋರ್ಚುಗೀಸರನ್ನು ಮಸ್ಕತ್ತಿನಿಂದ ಹೊರಗಟ್ಟಿದರು. ಅದಾದ ಎರಡು ಮೂರು ವರ್ಷಗಳಲ್ಲೇ ಕೆಳದಿಯ ಶಿವಪ್ಪ ನಾಯಕ ಬಸರೂರು, ಗಂಗೊಳ್ಳಿ, ಹೊನ್ನಾವರಗಳ ಕೋಟೆಗಳಿಂದ ಅದೇ ಪೋರ್ಚುಗೀಸರನ್ನು ಓಡಿಸಿದ. ಇಬ್ಬರ ನಡುವೆ ಒಪ್ಪಂದವಿತ್ತೆಂದು ನಾವು ಹೇಳುತ್ತಿಲ್ಲ. ಒಂದೇ ಸಮುದ್ರದ ಎರಡು ದಡಗಳಲ್ಲಿ ಒಂದೇ ಕಾಲಕ್ಕೆ ನಡೆದ ಕೆಲಸ ಅದು. ಕನ್ನಡ ಕರಾವಳಿಯ ಅಕ್ಕಿ ಮಸ್ಕತ್ತಿಗೆ ಬರುತ್ತಿತ್ತು. ಅದಕ್ಕೆ ಪೋರ್ಚುಗೀಸರು ಅಡ್ಡಿಪಡಿಸಿದ ಸಿಟ್ಟಿಗೆ 1695ರಲ್ಲಿ ಅರಬರ ಹಡಗುಗಳು ಮಂಗಳೂರನ್ನು ಸುಟ್ಟವು. ಹೀಗಾಗಿ ನಂಟೆಂದರೆ ಬರೀ ಸಿಹಿ ನೆನಪಲ್ಲ.

ಈಗ ನಡೆಯೋಣ. ಕೋಟೆಯ ಪಕ್ಕದಲ್ಲೇ ಅಲ್ ಅಕ್ರ್ ಎಂಬ ಹಳೆಯ ಕೇರಿ ಇದೆ. ಮಣ್ಣಿನ ಇಟ್ಟಿಗೆಯ ಎರಡು ಮೂರು ಅಂತಸ್ತಿನ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿಗಳು, ಸುತ್ತ ಕೋಟೆಗೋಡೆ. ಬಹುಕಾಲ ಪಾಳು ಬಿದ್ದಿದ್ದ ಈ ಕೇರಿಯ ಗೋಡೆಯನ್ನು ದುರಸ್ತಿ ಮಾಡಿದ್ದಾರೆ, ಅದರ ಮೇಲೆಯೇ ನಡೆಯಬಹುದು. ಕೇರಿಯಲ್ಲಿರುವ ಶವಾಧ್ನಾ ಮಸೀದಿಯ ಮಿಹ್ರಾಬ್, ಅಂದರೆ ಮೆಕ್ಕಾದ ದಿಕ್ಕನ್ನು ತೋರುವ ಗಚ್ಚುಗಾರೆಯ ಕೆತ್ತನೆಯ ಗೂಡು, ಹಿಜರಿ 936ರದು. ಅದು ನಮ್ಮ ಕೃಷ್ಣದೇವರಾಯ ತೀರಿಕೊಂಡ 1529ರ ಸುಮಾರು. ಅಲ್ಲಿಂದ ತೋಟಗಳ ಕಡೆ ನಡೆದರೆ ಸಿಗುವ ಸಆಲ್ ಮಸೀದಿಯ ಮಿಹ್ರಾಬ್ ಇನ್ನೂ ಹಳೆಯದು, 1252ರದು. ಸೋಮನಾಥಪುರದ ಕೇಶವ ದೇವಾಲಯಕ್ಕಿಂತ ಕೆಲವು ವರ್ಷ ಹಿರಿಯ ಎನ್ನಿ. ಹೊರಗಿನಿಂದ ನೋಡಿದರೆ ಇವು ಮಸೀದಿಗಳೆಂದೇ ತಿಳಿಯುವುದಿಲ್ಲ. ಇಬಾದಿಗಳ ಹಳೆಯ ಮಸೀದಿಗಳಿಗೆ ಎತ್ತರದ ಮಿನಾರುಗಳಿಲ್ಲ, ಇರುವ ಅಲಂಕಾರವೆಲ್ಲ ಆ ಒಂದು ಗೂಡಿನಲ್ಲಿ. ಊರ ಹೊರಗೆ, ಇಮಾಮರ ಸ್ಮಶಾನದ ಕಡೆ ಉಬ್ಬಾದರ, ಅಂದರೆ ಉಪಾಸಕರ, ಪುಟ್ಟ ಪ್ರಾರ್ಥನಾ ಕೋಣೆಗಳಿವೆ. ಜನದಿಂದ ದೂರ ಕುಳಿತು ಧ್ಯಾನಿಸಲು ಕಟ್ಟಿಕೊಂಡವು. ಬೆಟ್ಟದ ಗವಿಮಠಗಳನ್ನು ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಖರ್ಜೂರದ ತೋಟಗಳೊಳಗೆ ಹೊಕ್ಕ ಮೇಲೆ ದಾರಿ ತೋರಿಸುವುದು ಫಲಜ್. ಬೆಟ್ಟದ ಬುಡದಲ್ಲಿ ಆಳವಾದ ತಾಯಿಬಾವಿ ತೋಡಿ, ಅಲ್ಲಿ ಸಿಕ್ಕ ಅಂತರ್ಜಲವನ್ನು ನೆಲದಡಿಯ ಸುರಂಗದಲ್ಲಿ ಅತಿ ಕಡಿಮೆ ಇಳಿಜಾರಿನಲ್ಲಿ ಕಿಲೋಮೀಟರುಗಟ್ಟಲೆ ತಂದು, ಊರ ಬಳಿ ಕಾಲುವೆಯಾಗಿ ಹೊರಬಿಡುವುದು ದಾವೂದಿ ಫಲಜ್‌ನ ಕ್ರಮ. ಪಂಪಿಲ್ಲ, ಎತ್ತಿಲ್ಲ, ಏತವಿಲ್ಲ. ನೀರು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ದಾವೂದನ ಮಗ ಸುಲೈಮಾನ್ ಪ್ರವಾದಿ ಜಿನ್ನ್‌ಗಳಿಗೆ ಅಪ್ಪಣೆ ಮಾಡಿ ಹತ್ತೇ ದಿನದಲ್ಲಿ ಹತ್ತು ಸಾವಿರ ಫಲಜ್ ತೋಡಿಸಿದನೆಂದು ಐತಿಹ್ಯ. ಗಣತಿಯಲ್ಲಿ ಸಿಕ್ಕವು ನಾಲ್ಕು ಸಾವಿರಕ್ಕೂ ಮೇಲೆ, ಹರಿಯುತ್ತಿರುವವು ಸುಮಾರು ಮೂರು ಸಾವಿರ. 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಐದು ಫಲಜ್‌ಗಳಲ್ಲಿ ನಿಜ್ವಾದ ದಾರಿಸ್ ಒಂದು, ಹತ್ತಿರದ ಬಿರ್ಕತ್ ಅಲ್ ಮೌಜ್‌ನ ಖತ್ಮೈನ್ ಇನ್ನೊಂದು. ಖತ್ಮೈನ್‌ನ ನೀರು ಒಂದು ಕಡೆ ಮೂರು ಸಮಪಾಲಾಗಿ ಒಡೆಯುತ್ತದೆ. ಅಲ್ಲಿ ನಿಂತು ನೋಡಿದರೆ ಮೂರು ಕಾಲುವೆಗಳಲ್ಲೂ ನೀರಿನ ಮಟ್ಟ ಒಂದೇ. ಮಕ್ಕಳಿಗೆ ಇದಕ್ಕಿಂತ ಕಾಲುವೆಯಲ್ಲಿ ಪಾದ ಇಟ್ಟರೆ ಬಂದು ಕಚಗುಳಿ ಇಡುವ ಕಿರುಮೀನುಗಳ ಮೇಲೆಯೇ ಆಸಕ್ತಿ, ಅದು ಬೇರೆ ಮಾತು.

ಹರಿವಿನ ಮೊದಲ ಜಾಗ ಕುಡಿಯುವ ನೀರಿಗೆ ಮೀಸಲು, ಅಲ್ಲಿ ಯಾವ ದಾರಿಹೋಕನಿಗೂ ತಡೆಯಿಲ್ಲ. ಅದಾದ ಮೇಲೆ ಮಸೀದಿ, ಸ್ನಾನದ ಕಟ್ಟೆಗಳು; ಆಮೇಲೆ ಖರ್ಜೂರ; ಮಿಕ್ಕಿದ್ದರೆ ತರಕಾರಿ, ಮೇವು. ನೀರಿನ ಸರದಿಯನ್ನು ಅಳೆಯುವ ಮಾನ ಅಥರ್, ಸುಮಾರು ಅರ್ಧ ಗಂಟೆ. ನಮ್ಮ ಗಳಿಗೆಗಿಂತ ತುಸು ಉದ್ದ. ಹಗಲಲ್ಲಿ ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಕೈಗಡಿಯಾರ. ನಮ್ಮ ಕೆರೆ ಊರುಗಳಲ್ಲಿ ತೂಬಿನ ಬೀಗ ನೀರಗಂಟಿಯ ಕೈಯಲ್ಲಿದ್ದಂತೆ ಇಲ್ಲಿ ಫಲಜ್‌ಗೆ ವಕೀಲ್, ಅವನ ಕೆಳಗೆ ಅರೀಫ್. ನೀರಿನ ಪಾಲು ಜಮೀನಿಗೆ ಅಂಟಿಕೊಂಡಿರಬೇಕೆಂದಿಲ್ಲ. ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಮಕ್ಕಳಿಗೆ ಬಿಡಬಹುದು. ಫಲಜ್‌ನ ಹೆಸರಿನಲ್ಲೇ ಇರುವ ಪಾಲನ್ನು ಹರಾಜು ಹಾಕಿ ಆ ಹಣದಲ್ಲಿ ಹೂಳು ತೆಗೆಸುತ್ತಾರೆ. ಮಸ್ಕತ್ತಿನಲ್ಲಿ ಸರಕಾರಿ ನೌಕರಿ ಮಾಡುತ್ತ ಊರಿನಲ್ಲಿ ಎರಡು ಅಥರ್ ನೀರು ಉಳಿಸಿಕೊಂಡವರನ್ನು ಕಂಡು ನಮಗೆ ನಮ್ಮವರದೇ ನೆನಪಾಯಿತು.

ಕಾಸರಗೋಡು, ವಿಟ್ಲ, ಪುತ್ತೂರಿನ ಕಡೆಯ ಸದಸ್ಯರಿಗಂತೂ ಫಲಜ್ ಹೊಸದಲ್ಲ. ಎಣ್ಮಕಜೆ, ಬಾಯಾರು, ಮಾಣಿಲದ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಡ್ಡ ಕೊರೆದು ನೀರು ತರುವ ಸುರಂಗಗಳು ಅಲ್ಲಿ ಮನೆಮನೆಯ ಮಾತು. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಹಲವು ಸುರಂಗ ತೋಡಿ, ನೀರು ಸಿಗದೆ ಮತ್ತೆ ತೋಡಿ, ಬೋಳುಗುಡ್ಡವನ್ನು ಅಡಿಕೆ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕಾರೇಜ್ ಇದೆ. ಅದು ಇರಾನಿನ ಪದ್ಧತಿಯದೇ, ಫಲಜ್‌ಗೆ ನೇರ ದಾಯಾದಿ. ತುಳುನಾಡಿನ ಸುರಂಗ ಅರಬರಿಂದ ಕಲಿತದ್ದೆಂದು ಕೆಲವರು ಊಹಿಸುವುದುಂಟು. ನಮಗೆ ಆ ಊಹೆ ಅಷ್ಟು ಒಪ್ಪಿಗೆಯಾಗದು. ಒಂದು ಊರಿಗೆ ಹಂಚುವ ಫಲಜ್ ಎಲ್ಲಿ, ಒಂದು ಮನೆಗೆ ಸಾಲುವ ಸುರಂಗ ಎಲ್ಲಿ? ಬಾಯಾರಿದವನು ಗುಡ್ಡ ಕೊರೆಯಲು ಗುರು ಬೇಕೇ?

ಬಿರ್ಕತ್ ಅಲ್ ಮೌಜ್‌ನ ಬಾಳೆ, ಖರ್ಜೂರದ ತೋಟ ದಾಟಿ ವಾದಿ ಮುಐದಿನ್ ಹಿಡಿದರೆ ಜಬಲ್ ಅಖ್ದರ್ ಏರುವ ಹಳೆಯ ದಾರಿ. ಮೇಲೆ ಸೈಕ್ ಪ್ರಸ್ಥಭೂಮಿ, ಸುಮಾರು 2000 ಮೀಟರ್ ಎತ್ತರ. 1835ರ ಕೊನೆಯಲ್ಲಿ ಇಂಗ್ಲಿಷ್ ಲೆಫ್ಟಿನೆಂಟ್ ವೆಲ್‌ಸ್ಟೆಡ್ ನಿಜ್ವಾ ನೋಡಿ ಈ ಬೆಟ್ಟ ಹತ್ತಿದ್ದ. ಇಲ್ಲಿ ಜುನಿಪರ್ ಮತ್ತು ಕಾಡು ಆಲಿವ್ ಮರಗಳ ಕಾಡಿದೆ. ಮಲೆನಾಡಿನವರು ಇದನ್ನು ಕಾಡು ಎಂದು ಒಪ್ಪಲಿಕ್ಕಿಲ್ಲ, ಒಂದು ಮರಕ್ಕೂ ಇನ್ನೊಂದಕ್ಕೂ ಕೂಗಳತೆ. ಆದರೆ ಒಂದೊಂದು ಮರವೂ ಬಲು ಹಳೆಯದು. ಅಲ್ ಐನ್, ಶುರೈಜಾ ಹಳ್ಳಿಗಳ ಮೆಟ್ಟಿಲುಗದ್ದೆಗಳ ಅಂಚಿನಲ್ಲಿ, ಫಲಜ್‌ನ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಹೋಗಬಹುದು. ಏಪ್ರಿಲ್‌ನಲ್ಲಿ ಗುಲಾಬಿ, ಆಮೇಲೆ ಏಪ್ರಿಕಾಟ್, ದಾಳಿಂಬೆ. ಗುಲಾಬಿಜಲ ಬಟ್ಟಿ ಇಳಿಸುವ ಮನೆಗಳ ಗೋಡೆಗಳು ಹೊಗೆಗೆ ಕಪ್ಪಾಗಿವೆ.

ವಾದಿ ಬನೀ ಹಬೀಬ್‌ನಲ್ಲಿ ಮಾತ್ರ ನಡಿಗೆ ನಿಧಾನವಾಗುತ್ತದೆ. ಬಂಡೆಗೆ ಅಂಟಿಕೊಂಡ ಕಲ್ಲುಮನೆಗಳು, ಬಾಗಿಲ ತೊಲೆಗಳು ಹಾಗೇ ಇವೆ, ಜನವಿಲ್ಲ. ಕೆಳಗೆ ಆಕ್ರೋಟು, ದಾಳಿಂಬೆ ಗಿಡಗಳು ಇನ್ನೂ ಕಾಯಿ ಬಿಡುತ್ತವೆ. ಜಬಲ್ ಶಮ್ಸ್‌ನ ಕಮರಿಯ ಅಂಚಿನ ದಾರಿ ಮುಟ್ಟುವ ಅಸ್ ಸಾಬ್ ಕೂಡ ಹೀಗೆಯೇ ಖಾಲಿ. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ದೇಶದಲ್ಲಿ ಡಾಂಬರು ರಸ್ತೆ ಸುಮಾರು 10 ಕಿ.ಮೀ. ಮಾತ್ರ ಇತ್ತು. ಆಮೇಲೆ ರಸ್ತೆ ಬಂತು, ಶಾಲೆ, ಆಸ್ಪತ್ರೆ, ಕೊಳಾಯಿ ಬಂದವು. ಜನ ಅವುಗಳ ಹತ್ತಿರಕ್ಕೆ ಇಳಿದರು. ಇದನ್ನು ದುರಂತವೆಂದು ಬರೆಯುವುದು ಸುಲಭ. ಕಾಯಿಲೆಯ ಮಗುವನ್ನು ಕತ್ತೆಯ ಮೇಲೆ ಬೆಟ್ಟ ಇಳಿಸಬೇಕಾದ ತಾಯಿಯನ್ನು ಕೇಳಿದರೆ ಬೇರೆಯೇ ಹೇಳಿಯಾಳು. ಓದಿಗೆಂದು, ಸಂಬಳಕ್ಕೆಂದು ಊರು ಬಿಟ್ಟು ಇಲ್ಲಿಗೆ ಬಂದ ನಾವು ಅವಳ ಮಾತನ್ನು ತಳ್ಳಿಹಾಕುವ ಹಾಗಿಲ್ಲ.

ತನೂಫ್‌ನದು ಬೇರೆ ಕಥೆ. ಆ ಹೆಸರಿನ ಬಾಟಲಿ ನೀರನ್ನು ಕುಡಿಯದವರು ನಮ್ಮಲ್ಲಿ ವಿರಳ, ಊರನ್ನು ನೋಡಿದವರು ಅದಕ್ಕಿಂತ ವಿರಳ. ನಿಜ್ವಾದಿಂದ ಅರ್ಧ ಗಂಟೆಯ ದಾರಿ. ಇಮಾಮ್ ಗಾಲಿಬ್ ಅವರ ಪಕ್ಷಕ್ಕೂ ಸುಲ್ತಾನರ ಪಕ್ಷಕ್ಕೂ ನಡೆದ ಯುದ್ಧದಲ್ಲಿ, 1950ರ ದಶಕದಲ್ಲಿ, ಬ್ರಿಟಿಷ್ ವಿಮಾನಗಳು ಈ ಊರಿನ ಮೇಲೆ ಬಾಂಬು ಹಾಕಿದವು. 1957ರಲ್ಲಿ ನಿಜ್ವಾ ಕೋಟೆಗೂ ರಾಕೆಟ್ ಹೊಡೆದರು. 1959ರ ಜನವರಿಯಲ್ಲಿ ಬ್ರಿಟಿಷ್ ಪಡೆಗಳು ರಾತ್ರೋರಾತ್ರಿ ಕಾಲ್ನಡಿಗೆಯಲ್ಲೇ ಜಬಲ್ ಅಖ್ದರ್ ಏರಿದ ಮೇಲೆ ಯುದ್ಧ ಮುಗಿಯಿತು. ತನೂಫ್‌ನ ಮಣ್ಣಿನ ಗೋಡೆಗಳು ಇಂದಿಗೂ ಅರ್ಧ ಕರಗಿ ನಿಂತಿವೆ. ಹಿಂದಿನ ವಾದಿಯ ಬಂಡೆಯ ಬದಿಯಲ್ಲಿ ಫಲಜ್ ಹರಿಯುತ್ತಿದೆ. ಮನೆಗಳು ಹೋದರೂ ತೋಟಗಳನ್ನು ಬಿಡಲಿಲ್ಲ.

ತೋಟಗಳನ್ನು ಈಗ ನೋಡಿಕೊಳ್ಳುವವರು ಬಹುಮಟ್ಟಿಗೆ ನಮ್ಮ ಉಪಖಂಡದಿಂದ ಬಂದ ಕೆಲಸಗಾರರು. ಖರ್ಜೂರದ ಮರ ಹತ್ತುವುದು, ಕಾಲುವೆಗೆ ಬಟ್ಟೆಯ ಮುದ್ದೆ ತುರುಕಿ ನೀರು ತಿರುಗಿಸುವುದು ಅವರ ಕೈಯಲ್ಲಿದೆ. ಪ್ರವಾಸೋದ್ಯಮದ ಹೊತ್ತಗೆಗಳಲ್ಲಿ ಈ ವಿಷಯ ಕಾಣಿಸುವುದು ಅಪರೂಪ. ಇನ್ನೊಂದು ಕಡೆ ಅಲ್ ಅಕ್ರ್‌ನ ಪಾಳುಮನೆಗಳು ಊರವರ ಪ್ರಯತ್ನದಿಂದಲೇ ಅತಿಥಿಗೃಹಗಳಾಗಿ ಎದ್ದಿವೆ. ಅಲ್ ಹಮ್ರಾದ ಮೇಲಿನ ಮಿಸ್ಫಾ ಹಳ್ಳಿಯಲ್ಲೂ ಹಾಗೆಯೇ. ವಾರದ ಕೊನೆಗೆ ಮಸ್ಕತ್ತಿನಿಂದ ಬರುವ ಮೊಮ್ಮಕ್ಕಳು ಅಜ್ಜನ ಕಟ್ಟೆಯ ಮೇಲೆ ಕುಳಿತಿರುತ್ತಾರೆ.

ಹೋಗಬಯಸುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಗುರುತು ಮಾಡಿದ ಬೆಟ್ಟದ ದಾರಿಗಳಲ್ಲಿ ಬಂಡೆಗಳ ಮೇಲೆ ಹಳದಿ, ಬಿಳಿ, ಕೆಂಪು ಪಟ್ಟಿಗಳಿರುತ್ತವೆ. ಜಬಲ್ ಅಖ್ದರ್‌ಗೆ ನಾಲ್ಕು ಚಕ್ರಕ್ಕೂ ಎಳೆತವಿರುವ ವಾಹನವೇ ಬೇಕು, ಬುಡದ ತನಿಖಾ ಠಾಣೆಯಲ್ಲಿ ಬೇರೆಯದನ್ನು ಹಿಂದಕ್ಕೆ ಕಳಿಸುತ್ತಾರೆ. ಮೋಡ ಕಂಡರೆ ವಾದಿಗೆ ಇಳಿಯಬೇಡಿ. ಹಳ್ಳಿಗಳಲ್ಲಿ ಮೈ ಮುಚ್ಚುವ ಉಡುಪಿರಲಿ. ಸ್ನಾನದ ಕಟ್ಟೆಗಳ ಕಡೆ, ವಿಶೇಷವಾಗಿ ಹೆಂಗಸರ ಕಟ್ಟೆಗಳ ಕಡೆ, ಕ್ಯಾಮೆರಾ ತಿರುಗಿಸಬಾರದು. ಚಿಕ್ಕ ಮಕ್ಕಳಿದ್ದವರು ಖತ್ಮೈನ್‌ನಿಂದ ಆರಂಭಿಸುವುದು ಒಳ್ಳೆಯದು. ಸಮತಟ್ಟು ದಾರಿ, ಉದ್ದಕ್ಕೂ ನೆರಳು, ಬುತ್ತಿ ಬಿಚ್ಚಲು ಜಾಗವೂ ಇದೆ.