ಎರಡು ಶತಮಾನಗಳ ಒಂದು ವಂಶವೃಕ್ಷ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಅಣ್ಣನೂ ನನ್ನ ಶಿಷ್ಯನೇ. ನಲವತ್ತೊಂದನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡವನು. ಅವರ ತಂದೆಯೂ ಐವತ್ತನ್ನು ಮುಟ್ಟಲಿಲ್ಲ. ಈಗ ತಮ್ಮನ ರಕ್ತದಲ್ಲಿಯೂ ಕೊಲೆಸ್ಟ್ರಾಲ್ ವಿಪರೀತವಾಗಿರುವುದು ತಿಳಿದುಬಂದಿದ್ದು, ವೈದ್ಯರು ವಂಶವಾಹಿಯ ಪರೀಕ್ಷೆ ಮಾಡಿಸುವಂತೆ ಸಲಹೆ ಕೊಟ್ಟಿದ್ದಾರೆ. "ಸಾರ್, ಹಣೇಲಿ ಬರೆದದ್ದನ್ನ ಕಾಗದದ ಮೇಲೆ ಬೇರೆ ಬರೆಸ್ಕೋಬೇಕಾ? ನಾಳೆ ಮಗಳಿಗೆ ಗಂಡು ನೋಡೋವಾಗ ತೊಂದ್ರೆ ಆಗಲ್ವಾ?" ಎಂದು ಕೇಳಿದ.

ನಾನು ವೈದ್ಯನಲ್ಲ, ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಹೇಳಿದವನು. ಆದುದರಿಂದ ಉತ್ತರವನ್ನು ಇತಿಹಾಸದಲ್ಲಿಯೇ ಹುಡುಕಿದೆ. ಓದಿ ತಿಳಿದುದನ್ನು ಅವನಿಗಾಗಿಯೂ ನಿಮ್ಮೆಲ್ಲರಿಗಾಗಿಯೂ ಇಲ್ಲಿ ಬರೆಯುತ್ತಿದ್ದೇನೆ.

ನಾರ್ವೆ ದೇಶದ ವೈದ್ಯ ಕಾರ್ಲ್ ಮುಲ್ಲರ್ 1938ರಲ್ಲಿ ಹದಿನೇಳು ಕುಟುಂಬಗಳ ವಿವರಗಳನ್ನು ಮುಂದಿಟ್ಟರು. ಆ ಮನೆಗಳಲ್ಲಿ ಬೆರಳ ಗೆಣ್ಣುಗಳ ಮೇಲೆ, ಹಿಮ್ಮಡಿಯ ಮೇಲ್ಭಾಗದಲ್ಲಿ ಕೊಬ್ಬಿನ ಗಂಟುಗಳು, ರಕ್ತದಲ್ಲಿ ಅಧಿಕ ಕೊಲೆಸ್ಟ್ರಾಲ್, ಎಳೆಯ ವಯಸ್ಸಿಗೇ ಹೃದ್ರೋಗ, ಇವೆಲ್ಲ ಒಟ್ಟಿಗೆ ಕಾಣುತ್ತಿದ್ದವು. ಇದು ವಂಶಪಾರಂಪರ್ಯವಾಗಿ ಬರುವುದೆಂದು ಅವರು ತೋರಿಸಿದರು. ಆದರೆ ಕಾರಣ ತಿಳಿಯಲು ಇನ್ನೂ ಮೂರೂವರೆ ದಶಕ ಬೇಕಾಯಿತು. ಅಮೆರಿಕದ ಡಲ್ಲಾಸ್ ನಗರದಲ್ಲಿ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ 1970ರ ದಶಕದಲ್ಲಿ ಅದನ್ನು ಬಿಡಿಸಿದರು. ರಕ್ತದಲ್ಲಿರುವ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಹಿಡಿದು ಒಳಕ್ಕೆ ಸೆಳೆದುಕೊಳ್ಳುವ ಗ್ರಾಹಕಗಳು ನಮ್ಮ ಜೀವಕೋಶಗಳ ಮೇಲಿವೆ. ಯಕೃತ್ತಿನಲ್ಲಿ ಅವುಗಳ ಕೆಲಸ ಮುಖ್ಯವಾದುದು. ಈ ರೋಗಿಗಳಲ್ಲಿ ಆ ಗ್ರಾಹಕಗಳ ಕೊರತೆ. ಈ ಶೋಧಕ್ಕೆ 1985ರ ನೊಬೆಲ್ ಪ್ರಶಸ್ತಿ ಬಂದಿತು.

ದೋಷವಿರುವ ತಂದೆಯಿಂದಾಗಲಿ ತಾಯಿಯಿಂದಾಗಲಿ ಅದು ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಸುಮಾರು 250ರಿಂದ 300 ಮಂದಿಗೆ ಒಬ್ಬರಲ್ಲಿ ಇದು ಇರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇಂಥ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಐವತ್ತರೊಳಗೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ.

ಮದ್ದು ಬಂದದ್ದು ಬೇರೊಂದು ದಿಕ್ಕಿನಿಂದ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬಗೆಯ ಬೂಷ್ಟಿನಿಂದ ಮೊದಲ ಸ್ಟ್ಯಾಟಿನನ್ನು ಬೇರ್ಪಡಿಸಿದರು. 1987ರಲ್ಲಿ ಅಮೆರಿಕದಲ್ಲಿ ಆ ವರ್ಗದ ಮೊದಲ ಮಾತ್ರೆಗೆ ಅನುಮತಿ ದೊರೆಯಿತು. ಅಲ್ಲಿಂದಾಚೆಗೆ, ರೋಗ ತಿಳಿಯುವುದಕ್ಕೂ ಬದುಕುವುದಕ್ಕೂ ಗಟ್ಟಿಯಾದ ಸಂಬಂಧ ಏರ್ಪಟ್ಟಿತು.

ಈ ಸಂಬಂಧವನ್ನು ಚೆನ್ನಾಗಿ ಅರಿತುಕೊಂಡ ದೇಶ ನೆದರ್ಲೆಂಡ್ಸ್. 1994ರಲ್ಲಿ ಅಲ್ಲಿ ಒಂದು ಕಾರ್ಯಕ್ರಮ ಆರಂಭವಾಯಿತು. ಒಬ್ಬ ರೋಗಿಯ ವಂಶವಾಹಿಯಲ್ಲಿ ದೋಷ ಪತ್ತೆಯಾದರೆ, ಅವನ ಮೂಲಕ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು, ದಾಯಾದಿಗಳನ್ನು ಸಂಪರ್ಕಿಸಿ, ಒಪ್ಪಿದವರ ಮನೆಗೇ ಹೋಗಿ ರಕ್ತ ತೆಗೆದುಕೊಂಡು ಪರೀಕ್ಷಿಸುತ್ತಿದ್ದರು. ಎರಡು ದಶಕಗಳಲ್ಲಿ 20,000ಕ್ಕೂ ಹೆಚ್ಚು ಮಂದಿಯಲ್ಲಿ ಈ ದೋಷ ಪತ್ತೆಯಾಯಿತು.

ಪರೀಕ್ಷೆಗೆ ಒಳಗಾದವರ ಮನಸ್ಸಿನಲ್ಲಿ ಏನಿತ್ತು? ನನ್ನ ಶಿಷ್ಯನ ಪ್ರಶ್ನೆಯೂ ಇದೇ. ಬ್ರಿಟನ್ನಿನಲ್ಲಿ ನವಜಾತ ಶಿಶುಗಳಿಗೆ ಈ ರೋಗದ ಪರೀಕ್ಷೆ ನಡೆಸಿದಾಗ ತಂದೆತಾಯಿಗಳನ್ನು ಮಾತನಾಡಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಮಗುವಿಗಿರುವುದು 'ಕೊಲೆಸ್ಟ್ರಾಲ್ ಹೆಚ್ಚು' ಎಂದು ಅರ್ಥಮಾಡಿಕೊಂಡವರಿಗೆ ಅದು ಪರಿಚಿತವಾದ, ಹತೋಟಿಗೆ ಸಿಗುವ ತೊಂದರೆಯಾಗಿ ಕಂಡಿತು. 'ವಂಶವಾಹಿಯ ದೋಷ' ಎಂದು ಅರ್ಥಮಾಡಿಕೊಂಡವರಿಗೆ ಕೈಮೀರಿದ್ದು ಎನಿಸಿ ಭಯ ಹೆಚ್ಚಿತು. ರೋಗ ಒಂದೇ, ಹೆಸರು ಬೇರೆ. ಹಣೆಬರಹವೆಂಬ ಭಾವನೆ ನಮ್ಮೊಬ್ಬರದೇ ಅಲ್ಲವೆಂದು ಅದನ್ನು ಓದಿದಾಗ ತಿಳಿಯಿತು.

ಈ ಭಾವನೆಗೆ ಉತ್ತರ ನೆದರ್ಲೆಂಡ್ಸಿನ ಇನ್ನೊಂದು ಅಧ್ಯಯನದಲ್ಲಿದೆ. ಇದು 2001ರಲ್ಲಿ ಪ್ರಕಟವಾಯಿತು. ಸಂಶೋಧಕರು ಈ ದೋಷವಿರುವ ಒಂದು ದೊಡ್ಡ ಕುಟುಂಬದ ವಂಶವೃಕ್ಷವನ್ನು ಹಿಂದಕ್ಕೆ ಹುಡುಕುತ್ತಾ ಹತ್ತೊಂಬತ್ತನೆಯ ಶತಮಾನದ ಒಬ್ಬ ದಂಪತಿಯವರೆಗೆ ಹೋದರು. ಯಾರು ಯಾವ ವಯಸ್ಸಿನಲ್ಲಿ ತೀರಿಕೊಂಡರೆಂದು ಲೆಕ್ಕ ಹಾಕಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮನೆತನದವರ ಸಾವಿನ ಪ್ರಮಾಣ ದೇಶದ ಸಾಮಾನ್ಯ ಜನರಿಗಿಂತ ಹೆಚ್ಚಿರಲಿಲ್ಲ! 1915ರ ನಂತರ ಅದು ಏರಿತು, 1935ರಿಂದ 1964ರವರೆಗೆ ತುತ್ತತುದಿ ಮುಟ್ಟಿತು, ಆಮೇಲೆ ಇಳಿಯಿತು. ಒಂದೇ ಮನೆತನದ ಎರಡು ಕವಲುಗಳಲ್ಲಿಯೂ ವ್ಯತ್ಯಾಸವಿತ್ತು. ವಂಶವಾಹಿ ಬದಲಾಗಿರಲಿಲ್ಲ, ಬದಲಾದದ್ದು ಅವರು ಬಾಳಿದ ಕಾಲ. ಊಟ, ದೈಹಿಕ ಶ್ರಮ, ತಂಬಾಕು ಇವೆಲ್ಲ ಅದರಲ್ಲಿ ಸೇರಿರಬೇಕೆಂದು ನನ್ನ ಊಹೆ. ರಕ್ತದಲ್ಲಿ ಬಂದದ್ದು ಹಣೆಯಲ್ಲಿ ಬರೆದದ್ದಲ್ಲ ಎಂಬುದಕ್ಕೆ ಇತಿಹಾಸದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಇನ್ನು ಮಗಳ ಮದುವೆಯ ಮಾತು. ಆತಂಕ ಸಹಜವಾದುದೇ, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಮುಚ್ಚಿಟ್ಟರೆ ದೋಷ ಮಾಯವಾಗುವುದಿಲ್ಲ. ನಮ್ಮ ಕಡೆ ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಮದುವೆ ಮಾಡುವ ವಾಡಿಕೆ ಇನ್ನೂ ಇದೆ. ಗಂಡುಹೆಣ್ಣು ಇಬ್ಬರಲ್ಲೂ ಈ ದೋಷವಿದ್ದರೆ, ಎರಡೂ ಕಡೆಯಿಂದ ಅದನ್ನು ಪಡೆದ ಮಗುವಿಗೆ ರೋಗ ಅತಿ ತೀವ್ರವಾಗಿ, ಬಾಲ್ಯದಲ್ಲಿಯೇ ಕಾಡುತ್ತದೆ. ಮದುವೆಗೆ ಮೊದಲು ತಿಳಿದಿರುವುದು ಮಗಳಿಗೇ ರಕ್ಷೆ.

ಪರೀಕ್ಷೆ ಎಲ್ಲವನ್ನೂ ಹೇಳುತ್ತದೆಂದೂ ತಿಳಿಯಬಾರದು. ದೋಷ ಸಿಗದಿದ್ದರೂ ಕೊಲೆಸ್ಟ್ರಾಲ್ ಹೆಚ್ಚಿದ್ದವರಿಗೆ ಚಿಕಿತ್ಸೆ ಬೇಕೇ ಬೇಕು. ಸಾಮಾನ್ಯ ರಕ್ತಪರೀಕ್ಷೆಯೇ ಮೊದಲ ಮೆಟ್ಟಿಲು.

ಇಷ್ಟನ್ನೂ ಅವನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅಣ್ಣನ ಮಕ್ಕಳಿಗೂ ಹೇಳ್ಬೇಕಲ್ವಾ ಸಾರ್?" ಎಂದ. ಅಣ್ಣ ಹೋದ ಮೇಲೆ ಆಸ್ತಿಯ ಮಾತಿನಿಂದ ಎರಡು ಮನೆಗಳ ನಡುವೆ ಮಾತುಕತೆ ನಿಂತಿತ್ತು. ಕಳೆದ ಭಾನುವಾರ ತಾನೇ ಅತ್ತಿಗೆಗೆ ಫೋನ್ ಮಾಡಿದನಂತೆ. ದೊಡ್ಡ ಹುಡುಗನಿಗೆ ಈಗ ಹದಿನೇಳು. ಇಬ್ಬರು ಮಕ್ಕಳ ರಕ್ತಪರೀಕ್ಷೆಯನ್ನೂ ಈ ವಾರ ಮಾಡಿಸುತ್ತಿದ್ದಾರೆ.

ಇದನ್ನು ಓದುವ ನೆಂಟರಿಷ್ಟರಲ್ಲಿ, ಶಿಷ್ಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆತನದಲ್ಲಿ ಐವತ್ತರೊಳಗೆ ಹೃದಯಾಘಾತದಿಂದ ಹೋದವರಿದ್ದರೆ, ಅವರ ಹೆಸರುಗಳನ್ನು ಒಂದು ಹಾಳೆಯ ಮೇಲೆ ವಂಶವೃಕ್ಷವಾಗಿ ಬರೆದು ನಿಮ್ಮ ವೈದ್ಯರಿಗೆ ತೋರಿಸಿ.