ಬನ್ನಿನೊಳಗಿನ ಪರಂಗಿಕಾಯಿ: ದಿಲ್‌ಪಸಂದ್ ನಮ್ಮೂರಿಗೆ ಬಂದ ದಾರಿ

ನಿಮ್ಮೂರ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ದಿಲ್‌ಪಸಂದ್ ಸಿಗುತ್ತದೆಯಲ್ಲವೇ? ಕೆಲವು ಕಡೆ ಅದನ್ನೇ ದಿಲ್‌ಖುಷ್ ಅನ್ನುತ್ತಾರೆ. ತಟ್ಟೆಯಗಲದ ಗುಂಡನೆಯ ಸಿಹಿ ಬನ್ನು. ಒಳಗೆ ತೆಂಗಿನಕಾಯಿ ತುರಿ, ಸಕ್ಕರೆ, ಏಲಕ್ಕಿ ಪರಿಮಳ, ನಡುನಡುವೆ ಕೆಂಪು, ಹಸಿರು, ಹಳದಿ ಚೂರುಗಳು. ಮೂಲೆ ಮೂಲೆಯಾಗಿ ಕತ್ತರಿಸಿ ಪೇಪರಿನಲ್ಲಿಟ್ಟು ಕೊಡುತ್ತಾರೆ.

ಆ ಬಣ್ಣದ ಚೂರುಗಳಿಗೆ ಟೂಟಿಫ್ರೂಟಿ ಎಂದು ಹೆಸರು. ಇಟಲಿಯವರ ಮಾತಿನಲ್ಲಿ ಹಾಗೆಂದರೆ ‘ಎಲ್ಲ ಹಣ್ಣುಗಳು’ ಎಂದರ್ಥ. ಆದರೆ ನಮ್ಮ ಬೇಕರಿಗಳ ಟೂಟಿಫ್ರೂಟಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಒಂದು ಕಾಯಿ. ಅದು ನಮ್ಮ ಹಿತ್ತಲಿನ ಪರಂಗಿಕಾಯಿ.

ಹಣ್ಣು ತುಂಬಿದ ಈ ಸಿಹಿ ಬನ್ನು ಇಂದು ಜಾತ್ರೆ, ಹಬ್ಬ, ಭಾನುವಾರದ ತಡವಾದ ತಿಂಡಿ ಎಲ್ಲಕ್ಕೂ ಹೊಂದಿಕೊಂಡಿದೆ. ಇದರ ಚರಿತ್ರೆ ಕೆದಕುತ್ತಾ ಹೋದರೆ ರುಚಿಯ ಮಾತಿಗಿಂತ ದೊಡ್ಡದೊಂದು ಪ್ರಶ್ನೆ ಎದುರಾಗುತ್ತದೆ: ಹಿಟ್ಟು ನಾದಿದ ಕೈ ಯಾರದು? ಒಂದು ಕಾಲಕ್ಕೆ ಈ ಪ್ರಶ್ನೆಗೆ ಉತ್ತರ ಸಿಗದೆ ನಮ್ಮ ದೇಶದ ಎಷ್ಟೋ ಜನ ಬನ್ನು, ಬಿಸ್ಕತ್ತು ಮುಟ್ಟುತ್ತಿರಲಿಲ್ಲ.

ಹೆಸರಲ್ಲೇ ಇರುವ ಪರದೇಶ

ಪರಂಗಿ ಎಂಬ ಹೆಸರನ್ನೇ ನೋಡಿ. ಫಿರಂಗಿ, ಪರಂಗಿ ಎಂದರೆ ಕಡಲಾಚೆಯಿಂದ ಬಂದ ಬಿಳಿಯರು. ಅವರ ಕಾಲದಲ್ಲಿ ಬಂದ ಹಣ್ಣು ಪರಂಗಿ ಹಣ್ಣಾಯಿತು. ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆ. 16ನೇ ಶತಮಾನದಲ್ಲಿ ಹಡಗುಗಳ ಓಡಾಟ ಹೆಚ್ಚಿದ ಮೇಲೆ ಮೆಣಸಿನಕಾಯಿ, ಗೋಡಂಬಿ, ಅನಾನಸ್‌ಗಳ ಹಾಗೆ ಇದೂ ಇತ್ತ ಬಂತು.

ಉಬ್ಬಿದ ರೊಟ್ಟಿಯ ಕಥೆಯೂ ಅದೇ ದಾರಿಯದು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಅವರಿಗೆ ದಿನವೂ ರೊಟ್ಟಿ ಬೇಕು. ಇಲ್ಲಿ ಯೀಸ್ಟ್ ಎಲ್ಲಿ ಸಿಗಬೇಕು? ತೆಂಗಿನ ಮರದ ಕಳ್ಳು ಹಾಕಿ ಹಿಟ್ಟನ್ನು ಹುದುಗಿಸಿದರು. ನಾವಿಂದು ಹೇಳುವ ಪಾವ್ ಎಂಬ ಪದ ಪೋರ್ಚುಗೀಸರ ‘ಪಾಂವ್’ನಿಂದ ಬಂದದ್ದು.

ಹಿಟ್ಟು ಹುದುಗಿಸುವುದು ನಮಗೇನೂ ಹೊಸತಲ್ಲ. ದೋಸೆ, ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬುತ್ತದೆ. ಮಂಗಳೂರಿನ ಕ್ರೈಸ್ತರು ಸಣ್ಣ ಮಾಡುವಾಗ ಅಕ್ಕಿ ಹಿಟ್ಟಿಗೇ ಕಳ್ಳು ಸೇರಿಸುತ್ತಿದ್ದರು. ಹೊಸತಾಗಿದ್ದದ್ದು ಗೋಧಿ ಹಿಟ್ಟು ಮತ್ತು ಸುತ್ತಲಿಂದಲೂ ಶಾಖ ಕೊಡುವ ಗೂಡಿನಂಥ ಒಲೆ. ಅದಕ್ಕಿಂತ ಮುಖ್ಯವಾಗಿ, ಅದನ್ನು ಮಾಡಿ ಮಾರುವ ಜನ ಹೊಸಬರು.

ಒಂದು ಬಿಸ್ಕತ್ತಿಗೆ ಪ್ರಾಯಶ್ಚಿತ್ತ

ಮಡಿವಂತರ ಕಣ್ಣಿನಲ್ಲಿ ಬೇಕರಿ ತಿಂಡಿಗೆ ಮೂರು ದೋಷ. ಹುದುಗಿಸಲು ಕಳ್ಳು ಬಳಸಿರಬಹುದು. ಮೊಟ್ಟೆ ಹಾಕಿರಬಹುದು. ಮೂರನೆಯದು, ಮಾಡಿದವರು ಬೇರೆ ಧರ್ಮದವರೋ ಬೇರೆ ಜಾತಿಯವರೋ ಆಗಿರಬಹುದು. ಮೊದಲ ಎರಡನ್ನು ಹೇಗಾದರೂ ಸರಿಮಾಡಬಹುದಿತ್ತು. ಮೂರನೆಯದೇ ಗಟ್ಟಿ ಗೋಡೆ.

ಆ ಗೋಡೆ ಎಷ್ಟು ಎತ್ತರವಿತ್ತು ಎನ್ನುವುದಕ್ಕೆ ಪುಣೆಯಲ್ಲಿ ನಡೆದ ಒಂದು ಪ್ರಸಂಗ ಸಾಕು. 1890ರಲ್ಲಿ ಅಲ್ಲಿನ ಪಂಚಹೌದ್ ಮಿಷನ್ನಿನಲ್ಲಿ ಒಂದು ಸಭೆ. ಊರಿನ ದೊಡ್ಡ ದೊಡ್ಡವರೆಲ್ಲ ಹೋಗಿದ್ದರು. ಅವರಲ್ಲಿ ಬಾಲಗಂಗಾಧರ ತಿಲಕ್, ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಕೂಡ ಇದ್ದರು. ಸಭೆ ಮುಗಿದ ಮೇಲೆ ಚಹಾ, ಬಿಸ್ಕತ್ತು ಕೊಟ್ಟರು. ಸುದ್ದಿ ಹೊರಬಿದ್ದದ್ದೇ ತಡ, ದೊಡ್ಡ ಗಲಾಟೆ ಆಯಿತು. ದೂರು ಶಂಕರಾಚಾರ್ಯರವರೆಗೆ ಹೋಯಿತು, ವಿಚಾರಣೆ ನಡೆಯಿತು. ದೇಶವೇ ಗೌರವಿಸುತ್ತಿದ್ದ ತಿಲಕ್, ರಾನಡೆ ಇಬ್ಬರಿಗೂ ಪ್ರಾಯಶ್ಚಿತ್ತ ತಪ್ಪಲಿಲ್ಲ. ಒಂದು ಲೋಟ ಚಹಾ, ಒಂದು ಬಿಸ್ಕತ್ತಿಗಾಗಿ!

ಆದರೆ ಅಷ್ಟರಲ್ಲಾಗಲೇ ದಕ್ಷಿಣದಲ್ಲಿ ದೇಶೀ ಕೈಗಳು ಈ ಕೆಲಸ ಕಲಿತಿದ್ದವು. ಕೇರಳದ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬವರು 1880ರಲ್ಲಿ ಬಿಸ್ಕತ್ತಿನ ಕಾರ್ಖಾನೆ ತೆರೆದರು. 1883ರ ಕ್ರಿಸ್‌ಮಸ್‌ಗೆ ಅಂಜರಕಂಡಿ ತೋಟದ ಬ್ರೌನ್ ದೊರೆಗೆ ಅವರು ಹಣ್ಣಿನ ಕೇಕ್ ಮಾಡಿಕೊಟ್ಟದ್ದನ್ನು ಅಲ್ಲಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಬೆಂಗಳೂರಿನಲ್ಲಿ 1809ರಿಂದ ಬ್ರಿಟಿಷರ ದಂಡು ಇತ್ತು. ದಂಡು ಇದ್ದಲ್ಲಿ ಬ್ರೆಡ್ಡು ಇರಲೇಬೇಕು. ಆದರೆ ದಂಡು ಪ್ರದೇಶವೇ ಬೇರೆ, ಪೇಟೆಯೇ ಬೇರೆ. ದಂಡಿನ ಬ್ರೆಡ್ಡು ಪೇಟೆಯ ಎಲ್ಲ ಮನೆಗಳಿಗೂ ಬರುವಂತಿರಲಿಲ್ಲ.

ಹಾಸನದಿಂದ ಚಿಕ್ಕಪೇಟೆಗೆ

ಪುಣೆಯ ಗಲಾಟೆಯಾಗಿ ಎಂಟು ವರ್ಷಕ್ಕೆ, 1898ರಲ್ಲಿ, ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರುವಾಯಿತು. ಬಿ.ಬಿ. ಅಂದರೆ ಬೆಂಗಳೂರು ಬ್ರದರ್ಸ್. ಶುರು ಮಾಡಿದವರು ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಮತ್ತು ಅವರ ಸಹೋದರ. ಮೊದಲು ಅವರದು ಸಿಹಿತಿಂಡಿ ಅಂಗಡಿ. ಅಲ್ಲಿಗೆ ಬರುತ್ತಿದ್ದ ಇಂಗ್ಲಿಷಿನವರೊಬ್ಬರು ಬೇಕಿಂಗ್ ಕಲಿಸಿಕೊಟ್ಟರು ಎಂಬ ಮಾತಿದೆ.

ಅಯ್ಯಂಗಾರರು ಮಾಡಿದ್ದು, ಮೊಟ್ಟೆ ಹಾಕಿಲ್ಲ. ಈ ಎರಡು ಮಾತು ಮಡಿವಂತರಿಗೆ ಸಾಕಾಯಿತು. ಹಳೆಯ ಭಯ ಕರಗಿತು. ಮುಂದೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ನೆಂಟರಿಷ್ಟರು ಒಬ್ಬರ ಹಿಂದೆ ಒಬ್ಬರು ಬಂದರು. ಹುಡುಗರಾಗಿ ಬಂದು ಹಿಟ್ಟು ನಾದಿದರು, ಸೌದೆ ಒಲೆಯ ಮುಂದೆ ಬೆವರಿದರು, ಕೆಲಸ ಕಲಿತು ಬೇರೆ ಬಡಾವಣೆಯಲ್ಲೋ ಬೇರೆ ಊರಿನಲ್ಲೋ ತಮ್ಮದೇ ಅಂಗಡಿ ತೆರೆದರು. ವ್ಯವಸಾಯದಲ್ಲಿ ಕೈಗೆ ಕಾಸು ಹತ್ತದ ಮನೆಗಳಿಗೆ ಇದೊಂದು ದಾರಿಯಾಯಿತು. ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ಇಲ್ಲದ ಪಟ್ಟಣ ಇಂದು ನಮ್ಮ ರಾಜ್ಯದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇಲ್ಲಿ ಒಂದು ಮಾತನ್ನು ನಾವು ನೇರವಾಗಿ ಹೇಳಬೇಕು. ಬೇಕರಿ ಜಾತಿಯನ್ನು ಮುರಿಯಲೆಂದು ಹುಟ್ಟಿದ್ದಲ್ಲ. ಜಾತಿಯ ಹೆಸರನ್ನೇ ಬೋರ್ಡಿಗೆ ಹಾಕಿ ಗಿರಾಕಿಗಳ ಅನುಮಾನ ಕಳೆಯಿತು. ಆದರೆ ಕಾಲ ಹೋದಂತೆ ಬೋರ್ಡು ಹಾಗೇ ಉಳಿದು ಒಳಗಿನ ಕೈಗಳು ಬದಲಾದವು. ಇಂದು ಆ ಹೆಸರಿನ ಅಂಗಡಿಗಳನ್ನು ಬೇರೆ ಬೇರೆ ಜಾತಿಯವರು ನಡೆಸುತ್ತಾರೆ. ಒಲೆಯ ಮುಂದೆ ನಿಲ್ಲುವವರು ಎಲ್ಲೆಲ್ಲಿಂದಲೋ ಬಂದ ಹುಡುಗರು. ಗಾಜಿನ ಪೆಟ್ಟಿಗೆಯ ಈಚೆ ನಿಂತವರು ‘ಒಂದು ದಿಲ್‌ಪಸಂದ್ ಕೊಡಿ’ ಅನ್ನುತ್ತಾರೆಯೇ ಹೊರತು, ಹಿಟ್ಟು ನಾದಿದ್ದು ಯಾರು ಎಂದು ಕೇಳುವುದಿಲ್ಲ.

ಹೋಳಿಗೆಯ ತಂಗಿ

ಹೊರಗಿನ ಬನ್ನು ಪರದೇಶದ್ದಾದರೂ ಒಳಗಿನ ಹೂರಣ ನಮ್ಮದೇ. ತೆಂಗಿನಕಾಯಿ, ಸಕ್ಕರೆ, ಏಲಕ್ಕಿ. ಕಾಯಿ ಹೋಳಿಗೆಯಲ್ಲೂ ಕರ್ಜಿಕಾಯಿಯಲ್ಲೂ ಇರುವುದು ಹೆಚ್ಚುಕಡಿಮೆ ಇದೇ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ನೆವ್ರಿ ಕೂಡ ಕರ್ಜಿಕಾಯಿಯ ಬಳಗವೇ. ಕಣಕದೊಳಗೆ ಹೂರಣ ತುಂಬುವುದು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಅದಕ್ಕೇ ದಿಲ್‌ಪಸಂದ್ ಇಷ್ಟು ಬೇಗ ನಾಲಿಗೆಗೆ ಒಗ್ಗಿತು ಅನ್ನುವುದು ನಮ್ಮ ಲೆಕ್ಕ. ಹೆಸರು ಉರ್ದು. ದಿಲ್ ಅಂದರೆ ಹೃದಯ, ಪಸಂದ್ ಅಂದರೆ ಮೆಚ್ಚಿನದು.

ಗೂಡೊಲೆ ಇಲ್ಲದ ಕಡೆ ಜನ ಸುಮ್ಮನೆ ಕೂರಲಿಲ್ಲ. ಮಂಗಳೂರು ಬನ್ಸ್ ನೋಡಿ. ಕಳಿತ ಬಾಳೆಹಣ್ಣು ಕಿವುಚಿ, ಮೈದಾ, ಮೊಸರು, ಸಕ್ಕರೆ ಸೇರಿಸಿ, ರಾತ್ರಿ ಇಟ್ಟು, ಬೆಳಿಗ್ಗೆ ಎಣ್ಣೆಯಲ್ಲಿ ಕರಿಯುತ್ತಾರೆ. ಅದೂ ಹಣ್ಣಿನ ಬನ್ನೇ, ಒಲೆ ಮಾತ್ರ ಬೇರೆ.

ಹಳ್ಳಿಗಳಿಗೆ ಬನ್ನು ಬಂದದ್ದು ತಡವಾಗಿ. ಹಳೇ ಮೈಸೂರಿನ ಊಟ ರಾಗಿ, ಉತ್ತರದ ಕಡೆ ಜೋಳ. ಗೋಧಿ ಹಬ್ಬಕ್ಕೆ ಮಾತ್ರ. ಬನ್ನು, ಬ್ರೆಡ್ಡು ಅಂದರೆ ಜ್ವರ ಬಂದವರಿಗೆ ಪೇಟೆಯಿಂದ ತರುವ ಪಥ್ಯ. 1956ರ ಒಪ್ಪಂದದ ನಂತರ ಅಮೆರಿಕದ ಗೋಧಿ ಹಡಗುಗಳಲ್ಲಿ ಬಂತು. 1965ರಲ್ಲಿ ಸರ್ಕಾರವೇ ಮಾಡರ್ನ್ ಬೇಕರೀಸ್ ಸ್ಥಾಪಿಸಿತು. ಹಸಿರು ಕ್ರಾಂತಿಯ ಮೇಲೆ ನಮ್ಮ ದೇಶದ ಗೋಧಿಯೇ ಸಾಕಷ್ಟಾಯಿತು. ಮೈದಾ ಸುಲಭವಾಗಿ ಸಿಗತೊಡಗಿದ ಮೇಲೆ ಬೇಕರಿ ತಾಲ್ಲೂಕು ಕೇಂದ್ರ ದಾಟಿ ಹೋಬಳಿಗೆ, ಅಲ್ಲಿಂದ ನಮ್ಮೂರ ಬಸ್‌ಸ್ಟ್ಯಾಂಡಿಗೆ ಬಂತು.

ಗಾಯವಾದ ಕಾಯಿಯ ಬೆಲೆ

ಟೂಟಿಫ್ರೂಟಿಗೆ ಪರಂಗಿಕಾಯಿಯೇ ಯಾಕೆ? ಹಸಿಕಾಯಿಗೆ ತನ್ನದೇ ಆದ ಜೋರು ರುಚಿಯಿಲ್ಲ, ಬೇಯಿಸಿದರೂ ಚೂರು ಕರಗಿಹೋಗುವುದಿಲ್ಲ, ಸಕ್ಕರೆ ಪಾಕವನ್ನೂ ಬಣ್ಣವನ್ನೂ ಚೆನ್ನಾಗಿ ಹೀರುತ್ತದೆ. ಇನ್ನೊಂದು ಕಾರಣವೂ ಇದೆ. ಪಪೇನ್ ಎಂಬ ವಸ್ತುವಿಗಾಗಿ ಕೆಲವು ರೈತರು ಹಸಿಕಾಯಿಗೆ ಗೀರು ಹಾಕಿ ಹಾಲು ತೆಗೆಯುತ್ತಾರೆ. ಗೀರು ಬಿದ್ದ ಕಾಯಿಯನ್ನು ಹಣ್ಣಿನ ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. ಅಂಥ ಕಾಯಿಗಳು ಟೂಟಿಫ್ರೂಟಿ ಮಾಡುವವರಿಗೆ ಹೋಗುತ್ತವೆ.

ಬನ್ನು, ಕೇಕಿನ ಮೇಲೆ ಕೂರಿಸುವ ಕೆಂಪು ಚೆರಿಯೂ ಎಷ್ಟೋ ಸಲ ಚೆರಿಯಲ್ಲ. ಅದು ನಮ್ಮ ಗುಡ್ಡದ ಮುಳ್ಳುಪೊದೆಯ ಕವಳಿ ಹಣ್ಣು, ಕರಾವಳಿಯವರ ಕರಂಡೆ. ಬೀಜ ತೆಗೆದು, ಪಾಕದಲ್ಲಿ ಹಾಕಿ, ಕೆಂಪು ಬಣ್ಣ ಕೊಟ್ಟರೆ ಚೆರಿ ಆಗುತ್ತದೆ. ನಮ್ಮ ಹೊಲ, ಗುಡ್ಡದ ಕಾಯಿಗಳೇ ಬೇರೆ ಹೆಸರು ಹೊತ್ತು ನಮ್ಮ ಊರಿಗೆ ವಾಪಸು ಬರುತ್ತವೆ. ನಾವು ದುಡ್ಡು ಕೊಟ್ಟು ಕೊಳ್ಳುತ್ತೇವೆ. ಈ ಕೆಲಸವನ್ನು ಊರಿನ ಸ್ವಸಹಾಯ ಸಂಘಗಳೇ ಯಾಕೆ ಮಾಡಬಾರದು ಎಂದು ನಮಗೆ ಅನ್ನಿಸುತ್ತದೆ. ಬೇಕಾದ್ದು ಕಾಯಿ, ಸಕ್ಕರೆ, ಒಲೆ, ಬಿಸಿಲು ಅಷ್ಟೇ.

ರಜೆಯ ಬೆಳಿಗ್ಗೆಗೆ ಮನೆಯಲ್ಲೇ

ಮೊದಲು ಟೂಟಿಫ್ರೂಟಿ. ಕೈಗೆ ಎಣ್ಣೆ ಸವರಿಕೊಂಡು ಹಸಿ ಪರಂಗಿಕಾಯಿ ಹೆರೆಯಿರಿ. ಇಲ್ಲದಿದ್ದರೆ ಹಾಲಿನಿಂದ ಕೈ ತುರಿಸುತ್ತದೆ. ಬೀಜ ತೆಗೆದು ಬಟಾಣಿ ಗಾತ್ರಕ್ಕೆ ಹೆಚ್ಚಿ. 2 ಲೋಟ ಚೂರನ್ನು ಕುದಿಯುವ ನೀರಿನಲ್ಲಿ 5 ನಿಮಿಷ ಬೇಯಿಸಿ ಸೋಸಿ. 1 ಲೋಟ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ, ಚೂರುಗಳನ್ನೂ ಸೇರಿಸಿ, ಒಂದೆಳೆ ಪಾಕ ಬರುವವರೆಗೆ ಕುದಿಸಿ. ಬಣ್ಣಕ್ಕೆ ಬೀಟ್‌ರೂಟ್ ರಸ ಸಾಕು. ರಾತ್ರಿ ಪಾಕದಲ್ಲೇ ಬಿಟ್ಟು, ಬೆಳಿಗ್ಗೆ ಸೋಸಿ, ತೆಳು ಬಟ್ಟೆ ಮುಚ್ಚಿ ಒಂದೆರಡು ದಿನ ಒಣಗಿಸಿ.

ಹಿಟ್ಟಿಗೆ 250 ಗ್ರಾಂ ಮೈದಾ, 1 ಚಮಚ ಇನ್‌ಸ್ಟಂಟ್ ಯೀಸ್ಟ್, 3 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, 150 ಮಿ.ಲೀ. ಉಗುರು ಬೆಚ್ಚಗಿನ ಹಾಲು. ಕಲಸಿ, 2 ದೊಡ್ಡ ಚಮಚ ಬೆಣ್ಣೆ ಹಾಕಿ 10 ನಿಮಿಷ ಚೆನ್ನಾಗಿ ನಾದಿ. ಹಾಲು ಸುಡುವಷ್ಟು ಬಿಸಿಯಿದ್ದರೆ ಯೀಸ್ಟ್ ಸಾಯುತ್ತದೆ, ಹಿಟ್ಟು ಏಳುವುದಿಲ್ಲ. ಮುಚ್ಚಿಟ್ಟು, ಎರಡರಷ್ಟು ಉಬ್ಬುವವರೆಗೆ ಕಾಯಿರಿ. ನಮ್ಮ ಸೆಕೆಗೆ ಒಂದು ಗಂಟೆ ಸಾಕು, ಚಳಿಗಾಲದಲ್ಲಿ ಇನ್ನೂ ಹೊತ್ತು ಬೇಕು.

ಉಬ್ಬಿದ ಹಿಟ್ಟನ್ನು ಉದ್ದಕ್ಕೆ ಲಟ್ಟಿಸಿ. 1 ಲೋಟ ಕಾಯಿತುರಿ, 4 ದೊಡ್ಡ ಚಮಚ ಸಕ್ಕರೆ, ಏಲಕ್ಕಿ ಪುಡಿ, ಒಂದು ಹಿಡಿ ಟೂಟಿಫ್ರೂಟಿ ಬೆರೆಸಿ ಮೇಲೆ ಹರಡಿ. ಚಾಪೆ ಸುತ್ತಿದ ಹಾಗೆ ಸುತ್ತಿ, 8 ತುಂಡು ಮಾಡಿ, ಬೆಣ್ಣೆ ಸವರಿದ ತಟ್ಟೆಯಲ್ಲಿ ಜೋಡಿಸಿ. ಮತ್ತೆ ಅರ್ಧ ಗಂಟೆ ಬಿಡಿ.

ಓವನ್ ಇದ್ದರೆ 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಇಲ್ಲದಿದ್ದರೆ ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಒಂದು ಪದರ ಮರಳೋ ಕಲ್ಲುಪ್ಪೋ ಹಾಕಿ, ಮುಚ್ಚಿ 10 ನಿಮಿಷ ಕಾಯಿಸಿ. ಒಳಗೆ ಸಣ್ಣ ಸ್ಟ್ಯಾಂಡ್ ಇಟ್ಟು ಅದರ ಮೇಲೆ ತಟ್ಟೆಯಿಡಿ. ಮುಚ್ಚಿ, ಸಣ್ಣ ಉರಿಯಲ್ಲಿ 30ರಿಂದ 35 ನಿಮಿಷ ಬಿಡಿ. ಮೇಲ್ಭಾಗ ಓವನ್ನಿನಷ್ಟು ಕೆಂಪಗಾಗುವುದಿಲ್ಲ, ರುಚಿಗೇನೂ ಕೊರತೆಯಿಲ್ಲ. ಇಳಿಸಿದ ಕೂಡಲೇ ಬೆಣ್ಣೆ ಸವರಿ.

8 ತುಂಡು ಒಂದೇ ಮನೆಗೆ ಹೆಚ್ಚಾಗಬಹುದು. ಪಕ್ಕದ ಮನೆಗೂ, ಮುಂದಿನ ಬೀದಿಗೂ, ಊರಾಚೆಯ ಕೇರಿಗೂ ಕಳಿಸಿ. ಅಲ್ಲಿಂದ ಏನಾದರೂ ಮಾಡಿ ಕಳಿಸಿದರೆ ನಾವೂ ತಿನ್ನೋಣ. ಬೇಕರಿಯ ಗಾಜಿನ ಪೆಟ್ಟಿಗೆ ಮುಂದೆ ಕೇಳದ ಪ್ರಶ್ನೆಯನ್ನು ಮನೆಯ ಹೊಸ್ತಿಲಲ್ಲಿ ಇನ್ನೂ ಕೇಳುವವರಿದ್ದಾರೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು.

ನಿಮ್ಮೂರಿಗೆ ಮೊದಲ ಬೇಕರಿ ಬಂದದ್ದು ಯಾವಾಗ? ಯಾರು ತೆರೆದರು, ಮೊದಮೊದಲು ಯಾರು ಕೊಂಡರು, ಯಾರು ದೂರ ನಿಂತರು? ಮನೆಯ ಹಿರಿಯರನ್ನು ಕೇಳಿ ನಮಗೆ ಬರೆದು ಕಳಿಸಿ. ಈ ಚರಿತ್ರೆಯಲ್ಲಿ ಊರೂರಿನ ಪುಟಗಳು ಇನ್ನೂ ಸೇರಬೇಕಿವೆ.