ಮೇಲ್ಮನವಿಯಿಲ್ಲದ ಮರಣದಂಡನೆ: ಸಂವಿಧಾನ ಸಭೆಯ ಕಡತದಿಂದ ಪಾಲಾರ್‌ವರೆಗೆ

ಮರಣದಂಡನೆಯನ್ನು ಕುರಿತ ನಮ್ಮ ನೈತಿಕ ದೈವಶಾಸ್ತ್ರದ ಪಾಠಗಳು ಸಂತ ಥಾಮಸ್ ಅಕ್ವಿನಾಸರಿಂದ ಆರಂಭವಾಗಿ, 2018ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಪರಿಷ್ಕರಿಸಿದ ಧರ್ಮೋಪದೇಶ ಗ್ರಂಥದ 2267ನೇ ಕಂಡಿಕೆಯಲ್ಲಿ ಮುಗಿಯುತ್ತವೆ. ನಮ್ಮದೇ ನಾಡಿನ ಶಾಸನಸಭೆಗಳ ನಡವಳಿಗಳನ್ನು ತೆರೆಯುವುದು ಅಪರೂಪ. ಅದು ನಷ್ಟವೆಂದೇ ನಮ್ಮ ಅಭಿಪ್ರಾಯ.

ಸಂವಿಧಾನ ಸಭೆಯ 1949ರ ಜೂನ್ 3ರ ನಡವಳಿಯನ್ನು ನೋಡೋಣ. ಅಂದಿನ ಚರ್ಚೆಯ ವಿಷಯ ಮರಣದಂಡನೆಯ ರದ್ದತಿಯಲ್ಲ, ಸುಪ್ರೀಂ ಕೋರ್ಟಿಗೆ ಸಲ್ಲುವ ಕ್ರಿಮಿನಲ್ ಮೇಲ್ಮನವಿಗಳ ವ್ಯಾಪ್ತಿ. ಮರಣದಂಡನೆಗೆ ಗುರಿಯಾದ ಪ್ರತಿಯೊಬ್ಬನಿಗೂ ಆ ಹಕ್ಕು ಇರಬೇಕೆಂಬ ವಾದಕ್ಕೆ ಉತ್ತರಿಸುತ್ತ ಡಾ. ಅಂಬೇಡ್ಕರರು, ಅದಕ್ಕಿಂತ ಮರಣದಂಡನೆಯನ್ನೇ ತೆಗೆದುಹಾಕುವುದನ್ನು ತಾವು ಬೆಂಬಲಿಸುವುದಾಗಿ ನುಡಿದರು. ಅಹಿಂಸೆಯನ್ನು ನೈತಿಕ ಕಟ್ಟಳೆಯಾಗಿ ನಂಬುವ ದೇಶಕ್ಕೆ ಅದೇ ತಕ್ಕದ್ದೆಂದರು. ರದ್ದತಿ ನಡೆಯಲಿಲ್ಲ. ಆದರೆ ಖುಲಾಸೆಯಾದವನಿಗೆ ಹೈಕೋರ್ಟು ಮೊದಲ ಬಾರಿಗೆ ಮರಣದಂಡನೆ ವಿಧಿಸಿದರೆ ಅವನಿಗೆ ಮೇಲಿನ ಬಾಗಿಲೊಂದು ತೆರೆದಿರಬೇಕೆಂಬ ತತ್ತ್ವ 134ನೇ ವಿಧಿಯಲ್ಲಿ ಉಳಿಯಿತು. ಮುಂದೆ 1958ರಲ್ಲಿ ನಟ ಪೃಥ್ವಿರಾಜ್ ಕಪೂರರು ರಾಜ್ಯಸಭೆಯಲ್ಲಿ ರದ್ದತಿಯ ನಿರ್ಣಯ ಮಂಡಿಸಿ ಹಿಂತೆಗೆದುಕೊಂಡರು. 1967ರಲ್ಲಿ ಕಾನೂನು ಆಯೋಗದ 35ನೇ ವರದಿ ಶಿಕ್ಷೆಯನ್ನು ಉಳಿಸಿಕೊಳ್ಳಲು ಸಲಹೆಯಿತ್ತಿತು.

ಮದ್ದೂರಿನಿಂದ ಮಳವಳ್ಳಿ, ಕೊಳ್ಳೇಗಾಲಗಳ ದಾರಿ ಹಿಡಿದರೆ ಮಲೆಮಹದೇಶ್ವರ ಬೆಟ್ಟದ ಸೀಮೆ ಸಿಗುತ್ತದೆ. ಅಲ್ಲಿನ ಪಾಲಾರ್ ಬಳಿ 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡದ ನೆಲಬಾಂಬಿಗೆ 22 ಜನ ಬಲಿಯಾದರು. ಈ ಸಾವುಗಳನ್ನು ಮರೆತು ಕ್ಷಮೆಯ ಮಾತಾಡುವ ದೈವಶಾಸ್ತ್ರ ನಮಗೆ ಬೇಡ. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಟಾಡಾ ಪ್ರಕರಣದ ಮೇಲ್ಮನವಿ ಹೈಕೋರ್ಟಿಗಲ್ಲ, ನೇರವಾಗಿ ಸುಪ್ರೀಂ ಕೋರ್ಟಿಗೆ ಸಲ್ಲುತ್ತದೆ. 2004ರ ಜನವರಿಯಲ್ಲಿ ಆ ನ್ಯಾಯಾಲಯವೇ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಆ ನಾಲ್ವರು ಗಲ್ಲಿನ ತೀರ್ಪನ್ನು ಮೊದಲು ಕೇಳಿದ್ದೇ ಕಟ್ಟಕಡೆಯ ನ್ಯಾಯಪೀಠದಲ್ಲಿ. 1949ರ ಸಭೆ ಹೈಕೋರ್ಟಿನ ಮಟ್ಟದಲ್ಲಿ ತಡೆಯಬಯಸಿದ್ದ ಸ್ಥಿತಿ ಇದೇ. ಪುನರ್ವಿಮರ್ಶೆಯ ಕಿರಿದಾದ ಹಾದಿಯನ್ನು ಬಿಟ್ಟರೆ ಉಳಿದದ್ದು ರಾಷ್ಟ್ರಪತಿಗಳ ಕ್ಷಮಾದಾನ ಮಾತ್ರ.

ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ಅವರು ಒಂಬತ್ತು ವರ್ಷ ಕಾದರು. 2013ರ ಫೆಬ್ರವರಿಯಲ್ಲಿ ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಸುಪ್ರೀಂ ಕೋರ್ಟು ಅವರ ಶಿಕ್ಷೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ಅದಕ್ಕೆ ಕೊಟ್ಟ ಕಾರಣ ಅರ್ಜಿಯ ವಿಲೇವಾರಿಯಲ್ಲಾದ ಅತಿಯಾದ ವಿಳಂಬ. ಮೊದಲ ಬಾರಿಗೆ ಗಲ್ಲಿಗೆ ಗುರಿಯಾದವನಿಗೆ ಇನ್ನೊಂದು ವಿಚಾರಣೆ ಸಲ್ಲಬೇಕೇ ಎಂಬ ಪ್ರಶ್ನೆ ಆ ಬಿಡುಗಡೆಗೆ ಆಧಾರವಾಗಲಿಲ್ಲ.